ಜ್ವರಕ್ಕೊಂದು ಗುಣವಾಚಕ

ಜ್ವರ ಬಿಟ್ಟಿದ್ದೇ ಬಸ್ ಡ್ರೈವರನಿಗೆ ತಲೆನೋವಾಯಿತು.

ಅವನ ಬಸ್ ಕಂಪನಿಯಲ್ಲಿ ಕಾಯಿಲೆ ರಜೆ ಹಾಕಿದವರು ದಿನಾ ಬೆಳಿಗ್ಗೆ ಮ್ಯಾನೇಜರಿಗೆ ಮೆಸೇಜು ಮಾಡಬೇಕು: ಒಂದೇ ಒಂದು ಗುಣವಾಚಕ, ಅದೂ ಇಂಗ್ಲಿಷಿನಲ್ಲಿ. ತಾಯಿನುಡಿಯಲ್ಲಿ ಬರೆಯಲು ಬಿಟ್ಟರೆ ಡ್ರೈವರುಗಳು ಓದುವವರ ಕಣ್ಣಲ್ಲಿ ನೀರು ತರಿಸುತ್ತಾರೆ ಎಂಬುದು ಮ್ಯಾನೇಜರರ ಅನುಭವ. ಡ್ರೈವರ ಇಷ್ಟು ದಿನವೂ ‘ವೀಕ್’ ಎಂದು ಕಳಿಸಿ ಮಗ್ಗುಲು ಬದಲಿಸುತ್ತಿದ್ದ. ನಿನ್ನೆ ಉತ್ತರ ಬಂತು: ‘ನಾಳೆಯೂ ವೀಕಾದರೆ ಕಂಪನಿ ಡಾಕ್ಟರನ್ನು ಮನೆಗೇ ಕಳಿಸುತ್ತೇನೆ.’

ಡಾಕ್ಟರು ಬಂದರೆ ಗುಟ್ಟು ರಟ್ಟು. ‘ಫಿಟ್’ ಎಂದರೆ ನಾಳೆ ನಸುಕಿಗೇ ಸ್ಟೀರಿಂಗು. ಅವನಿಗೆ ಬೇಕಾಗಿದ್ದದ್ದು ಇನ್ನೆರಡು ದಿನದ ನಿದ್ದೆ, ಅಷ್ಟೇ.

“‘ಇಂಪ್ರೂವಿಂಗ್’ ಅಂತ ಹಾಕ್ರೀ,” ಎಂದಳು ಹೆಂಡತಿ. ಹಾಕಿದ.

ಪೇಪರ್ ಕೇಳಲು ಬಂದ ಮಹಡಿ ಮನೆಯ ಇಂಗ್ಲಿಷ್ ಮೇಷ್ಟ್ರು ಹೌಹಾರಿದರು. “ಏನಯ್ಯಾ ಇದು! ಹಾಗಂದ್ರೆ ನಾಳೆ ಹೊತ್ತಿಗೆ ವಾಸಿ ಅಂತ. ಅಳಿಸು, ಅಳಿಸು! ‘ಡೆಲಿಕೇಟ್’ ಅನ್ನು. ಮರ್ಯಾದಸ್ಥ ಪದ.”

ನರ್ಸ್ ಕೆಲಸದ ನಾದಿನಿ ಕಿಸಕ್ಕನೆ ನಕ್ಕಳು. “ಭಾವ, ಅದು ಗಾಜಿನ ಲೋಟಕ್ಕೆ ಹೇಳೋ ಮಾತು. ನಮ್ಮ ವಾರ್ಡಲ್ಲಿ ‘ಸ್ಟೇಬಲ್’ ಅಂತೀವಿ.”

“ಬಿಡ್ತು ಅನ್ನೇ! ಟೀವೀಲಿ ಹಾಗಂದ ಮೇಲೆ ಎಷ್ಟು ಜನ ಉಳಿದಿದ್ದಾರೆ?” ಹೆಂಡತಿ ರೇಗಿದಳು.

“ಹಾಗಾದ್ರೆ ‘ಕ್ರಿಟಿಕಲ್’,” ಎಂದರು ಮೇಷ್ಟ್ರು.

“ಕುಂಕುಮ ನಾನಿಟ್ಟುಕೊಂಡಿರೋದು ಮೇಷ್ಟ್ರೇ, ನೀವಲ್ಲ!”

ಡ್ರೈವರನ ಹೆಬ್ಬೆರಳು ಇಕ್ಕಟ್ಟಿನ ಗಲ್ಲಿಯಲ್ಲಿ ತಿರುಗಲು ಹೊರಟ ಬಸ್ಸಿನಂತೆ ಹಿಂದೆ ಮುಂದೆ ಆಡಿತು. ಕಳಿಸಿದ, ಅಳಿಸಿದ, ಮತ್ತೆ ಕಳಿಸಿದ. ಕೊನೆಗೆ ಮೂವರೂ ಒಪ್ಪಿದ ಪದ ಸಿಕ್ಕಿತು: ‘ಬೆಟರ್’.

“ನಿನ್ನೆಗಿಂತ ವಾಸಿ. ಆದ್ರೆ ಪೂರ್ತಿ ವಾಸಿ ಅಂತ ಯಾವನೂ ಹೇಳೋ ಹಾಗಿಲ್ಲ!” ಮೇಷ್ಟ್ರು ತೊಡೆ ತಟ್ಟಿದರು. ಹೆಂಡತಿ ಕಾಫಿಗೆ ಎದ್ದಳು. ಡ್ರೈವರ ಹೊದಿಕೆ ಎಳೆದುಕೊಂಡ.

ಫೋನು ರಿಂಗಾಯಿತು. ಮ್ಯಾನೇಜರು.

“ನಾಳೆ ಡ್ಯೂಟಿಗೆ ಬಾಪ್ಪ.”

“ಸಾರ್, ನಾನು ಬರೀ ‘ಬೆಟರ್’ ಅಂದಿದ್ದು…”

“ಪದ ಯಾರು ಓದ್ತಾರೋ? ನಿಜವಾಗ್ಲೂ ಕಾಯಿಲೆಯವರು ತೋಚಿದ್ದು ಒತ್ತಿ ಫೋನ್ ಎಸೀತಾರೆ. ನೀನು ಬೆಳಗಿಂದ ಕಳಿಸ್ತಾ ಅಳಿಸ್ತಾ ಕೂತಿದ್ದೀಯ. ಪದ ಆರಿಸೋವಷ್ಟು ತ್ರಾಣ ಬಂದೋನಿಗೆ ಬಸ್ ಯಾವ ಲೆಕ್ಕ? ಇದೊಂದನ್ನೇ ನಾನು ನೋಡೋದು.”

ಫೋನು ಕಟ್ಟಾಯಿತು. ವಿಷಯ ತಿಳಿದ ಮೇಷ್ಟ್ರು, “ಅದಕ್ಕೇ ‘ಕ್ರಿಟಿಕಲ್’ ಅಂದೆ!” ಎಂದರು. ನಾದಿನಿ ‘ಸ್ಟೇಬಲ್’ ಎಂದಳು. ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು.

ಡ್ರೈವರ ಸದ್ದಿಲ್ಲದೆ ಎದ್ದು ಖಾಕಿ ಅಂಗಿಗೆ ಇಸ್ತ್ರಿ ಹಾಕತೊಡಗಿದ. ಮನಸ್ಸು ಹಗುರವಾಗಿತ್ತು. ಬಸ್ಸಿನಲ್ಲಾದರೆ ‘ರೈಟ್’, ‘ಹೋಲ್ಡಾನ್’ ಎರಡೇ ಪದ. ಅವನ್ನು ಆರಿಸುವುದೂ ಕಂಡಕ್ಟರನ ಕೆಲಸ.