ಮುಂಗಡ ಕೃತಜ್ಞತೆ

ಹೊಸದಾಗಿ ಚೂಪು ಮಾಡಿದ ಪೆನ್ಸಿಲ್ಲಿನ ವಾಸನೆ ಮೂಗಿಗೆ ಬಿದ್ದರೆ ಸೀಲಪ್ಪನ ಕಿವಿ ಇವತ್ತಿಗೂ ತಾನಾಗಿ ಬಿಸಿಯಾಗುತ್ತದೆ. ಶಾಲೆಯಲ್ಲಿ ಮೇಷ್ಟ್ರು ಮೊದಲು ಅವನ ಕಿವಿ ಹಿಂಡಿ, ಆಮೇಲೆ ‘ಇನ್ನು ಮುಂದೆ ಮಾತಾಡುವುದಿಲ್ಲ’ ಎಂದು ಪುಟಗಟ್ಟಲೆ ಬರೆಸುತ್ತಿದ್ದರು. ಅವನೋ, ‘ಇನ್ನು’ಗಳನ್ನೆಲ್ಲ ಮೇಲಿನಿಂದ ಕೆಳಕ್ಕೆ ಒಂದೇ ಉಸಿರಿಗೆ ಇಳಿಸಿ, ಆಮೇಲೆ ಪಕ್ಕದಲ್ಲಿ ‘ಮುಂದೆ’ಗಳನ್ನು ಇಳಿಸುತ್ತಿದ್ದ. ಶಿಕ್ಷೆ ಬೇಗ ಮುಗಿಯುತ್ತಿತ್ತು, ಬುದ್ಧಿ ಮಾತ್ರ ಬರುತ್ತಿರಲಿಲ್ಲ.

ಸೀಲಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ನೀರಿನ ಕಚೇರಿಯಲ್ಲಿ ದಿನವಿಡೀ ರಸೀದಿಗಳಿಗೆ ಸೀಲು ಒತ್ತುವವನಾದ್ದರಿಂದ ಅವನಿದ್ದ ಕಟ್ಟಡದ ಮಕ್ಕಳು ಕೊಟ್ಟ ಬಿರುದು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಭಾನುವಾರ ಯಾವುದೋ ಸಣ್ಣ ಮಾತಿಗೆ ಆಕೆ ಅತ್ತುಬಿಟ್ಟಿದ್ದಳು.

“ಯಾರು ಏನು ಮಾಡಿದ್ರೂ ನಿಮ್ಮ ಕಣ್ಣಿಗೆ ಬೀಳಲ್ಲ ಕಣ್ರೀ. ತಗೊಳ್ಳಿ ಈ ಪುಸ್ತಕ. ದಿನಾ ಮಲಗೋ ಮುಂಚೆ ಒಬ್ಬರ ಉಪಕಾರ ನೆನೆಸ್ಕೊಂಡು ಬರೀರಿ. ವಾರದ ಕೊನೇಲಿ ಓದ್ತೀನಿ. ಅಲ್ಲೀತನಕ ನನ್ನ ಹತ್ರ ಮಾತಿಲ್ಲ.”

ಮಾತಿಲ್ಲದ ಮನೆ ಸೀಲಪ್ಪನಿಗೆ ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಚುಚ್ಚತೊಡಗಿತು. ಸೋಮವಾರ ಬರೆಯಲು ಮರೆತ. ಮಂಗಳವಾರ ಬೆಳಗ್ಗೆ, ಹೆಂಡತಿ ಕೆಲಸಕ್ಕೆ ಹೋದ ಮೇಲೆ, ಹಳೆಯ ವಿದ್ಯೆ ನೆನಪಾಯಿತು. ವಾರವನ್ನೇ ಒಂದೇ ಏಟಿಗೆ ಮುಗಿಸಿದರಾಯಿತು! ಎಲ್ಲ ಪುಟಗಳ ತಲೆಗೂ ಒಂದೊಂದು ವಾರದ ಹೆಸರು ಹಾಕಿ ‘ಇವತ್ತು’, ಬುಡಕ್ಕೂ ‘ನಾನು ಕೃತಜ್ಞ’. ನಡುವೆ ತುಂಬಲು ಜನ ಬೇಕಲ್ಲ? ಕೆಳಗಿನ ಮನೆಯ ಟೈಲರ್ ಗುಂಡಿ ಹೊಲಿದುಕೊಟ್ಟರು. ಮಹಡಿ ಮನೆಯ ಅಜ್ಜಿ ತಲೆನೋವಿಗೆ ಎಣ್ಣೆ ತಿಕ್ಕಿದರು. ಎದುರುಮನೆಯ ಟೀಚರಮ್ಮ ಮಳೆಯಲ್ಲಿ ಕೊಡೆ ಹಿಡಿದರು. ಅಷ್ಟರಲ್ಲಿ ಒಳಕೋಣೆಯಿಂದ ಕೆಮ್ಮು ಕೇಳಿಸಿತು. ಜೊತೆಗೇ ಇದ್ದ ಹೆಂಡತಿಯ ಅಪ್ಪ. ‘ಪೇಪರ್ ಓದೋದು ಬಿಟ್ಟು ಮಾವ ಏನು ಮಾಡ್ತಾರೆ ಮಹಾ?’ ಎಂದು ಅವರನ್ನು ಹಾರಿಸಿ ಮುಂದಕ್ಕೆ ಹೋದ.

ಪುಸ್ತಕವನ್ನು ಬ್ಯಾಗಿಗೆ ತುರುಕಿಕೊಂಡು ಬಸ್ಸಿಗೆ ಓಡುವಾಗ ಅದು ಮೆಟ್ಟಿಲ ಮೇಲೆ ಜಾರಿ ಬಿದ್ದದ್ದು ಅವನಿಗೆ ತಿಳಿಯಲೇ ಇಲ್ಲ.

ಸಂಜೆ ಬಂದಾಗ ಕಟ್ಟಡಕ್ಕೆ ಕಟ್ಟಡವೇ ಮೆಟ್ಟಿಲ ಮೇಲಿತ್ತು. ನಡುವೆ ಟೀಚರಮ್ಮ, ಉತ್ತರಪತ್ರಿಕೆ ಹಿಡಿದಂತೆ ಪುಸ್ತಕ ಹಿಡಿದು ನಿಂತಿದ್ದರು.

“ಏನಪ್ಪಾ, ಶನಿವಾರ ನಾನು ನಿನಗೆ ಕೊಡೆ ಹಿಡಿದೆನಂತೆ?”

“ಟೀಚರಮ್ಮ, ಅದು…”

“ಇವತ್ತು ಮಂಗಳವಾರ ಕಣೋ!”

ಟೈಲರ್ ಸೀಲಪ್ಪನ ಅಂಗಿಗೇ ಕೈ ಹಾಕಿದ. “ನಂದು ಗುರುವಾರ, ಸಾರ್. ಅಷ್ಟು ಪ್ರೀತಿಯಿಂದ ಬರೆದಿದ್ದೀರಿ, ಸುಳ್ಳಾಗಬಾರದು. ಎಲ್ಲಿ, ಯಾವ ಗುಂಡಿ ಹೋಗಿದೆ?”

“ಎಲ್ಲಾ ಇವೆಯಪ್ಪಾ!”

“ಅದಕ್ಕೇನಂತೆ?” ಕಚಕ್ಕೆಂದು ಒಂದನ್ನು ಕತ್ತರಿಸಿ, ಅದನ್ನೇ ಮತ್ತೆ ಹೊಲಿಯತೊಡಗಿದ.

“ಅಲ್ಲಾಡಬೇಡ ಮಗಾ, ಸೂಜಿ ಚುಚ್ಚುತ್ತೆ,” ಎನ್ನುತ್ತ ಅಜ್ಜಿ ಅಂಗೈತುಂಬ ಎಣ್ಣೆಯನ್ನು ಅವನ ನೆತ್ತಿಗೆ ಸುರಿದು ತಟ್ಟಿದರು. ಟೀಚರಮ್ಮ ಕೊಡೆ ಬಿಚ್ಚಿ ತಲೆಯ ಮೇಲೆ ಹಿಡಿದರು. ಸೂರಿನಡಿಯ ಆ ಕೊಡೆಯ ಕೆಳಗೆ, ಮೂಗಿನ ತುದಿಯಿಂದ ಎಣ್ಣೆ ತೊಟ್ಟಿಕ್ಕಿಸುತ್ತ, ಸೀಲಪ್ಪ ಮದುವೆ ಮನೆಯಲ್ಲಿ ಸಿಕ್ಕಿಬಿದ್ದ ಕಳ್ಳನಂತೆ ನಿಂತ. ಬೈದಿದ್ದರೂ ವಾಸಿಯಿತ್ತು. ಇವರು ನಗುನಗುತ್ತ ಉಪಕಾರ ಮಾಡುತ್ತಿದ್ದರು.

ಅಷ್ಟರಲ್ಲಿ ಹೆಂಡತಿ ತರಕಾರಿ ಚೀಲ ಹಿಡಿದು ಬಂದಳು. ಪುಸ್ತಕ ತೆಗೆದುಕೊಂಡು ಒಂದೊಂದೇ ಪುಟ ತಿರುವಿದಳು.

“ಎಲ್ಲರೂ ಇದ್ದಾರೆ,” ಎಂದಳು ಮೆಲ್ಲಗೆ. “ಮನೆಯವರು ಒಬ್ಬರೂ ಇಲ್ಲ.”

ಈಗ ಬಾಯಿ ಬಿಡದಿದ್ದರೆ ಈ ಜನ್ಮದಲ್ಲಿ ಮಾತಿಲ್ಲ ಎಂದು ಸೀಲಪ್ಪ ಧೈರ್ಯ ತಂದುಕೊಂಡು ಗಟ್ಟಿಯಾಗಿ ಹೇಳಿದ:

“ನಿನ್ನ ಉಪಕಾರ ಬರೆಯೋಕೆ ಈ ಪುಸ್ತಕ ಸಾಲದು ಕಣೇ! ಅಷ್ಟು ಬೇಗ ಡ್ಯೂಟಿಗೆ ಹೋಗ್ಬೇಕಾದ್ರೂ, ನಾನು ಏಳೋ ಹೊತ್ತಿಗೆ ನನ್ನ ಊಟದ ಡಬ್ಬಿ ಮೇಜಿನ ಮೇಲೆ ಬಿಸಿಬಿಸಿಯಾಗಿ ಇರುತ್ತಲ್ಲ, ಅದನ್ನ ನಾನು ಮರೀತೀನಾ? ಪ್ರತಿ ತುತ್ತಿಗೂ ನಿನ್ನ ಕೈ ನೆನೆಸ್ಕೊಳ್ತೀನಿ!”

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಟೈಲರ್ ದಾರ ಕಡಿದು ತಲೆದೂಗಿದ. ಬದುಕಿದೆ ಎಂದುಕೊಂಡ ಸೀಲಪ್ಪ.

ಹೆಂಡತಿ ಮಾತ್ರ ಅವನನ್ನೇ ನೋಡುತ್ತಿದ್ದಳು.

“ರೀ, ನಾನು ಹೋದ ಮೇಲೂ ಎಷ್ಟೋ ಹೊತ್ತು ಮಲಗಿರ್ತೀರಿ. ನಾನು ಮಾಡಿಟ್ಟಿದ್ರೆ ನೀವು ಏಳೋ ಹೊತ್ತಿಗೆ ಬಿಸಿಯಾಗಿ ಹೇಗಿರುತ್ತೆ? ಬೆಳಗಿನ ಪಾಳಿ ಬಂದಾಗಿಂದ ನಿಮ್ಮ ಡಬ್ಬಿ ಕಟ್ಟೋದು ಅಪ್ಪ.”

ಬಾಗಿಲ ಬಳಿ ಬಂದು ನಿಂತಿದ್ದ ಮಾವ, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಒಳಗೆ ಸರಿದರು. ಹೆಂಡತಿಯೂ ಒಳಗೆ ಹೋದಳು. ಟೀಚರಮ್ಮ ಸದ್ದಾಗದಂತೆ ಕೊಡೆ ಮಡಿಸಿ, ಇಣುಕುತ್ತಿದ್ದ ಮಕ್ಕಳನ್ನು “ನಡೀರಿ, ಓದ್ಕೊಳ್ಳಿ” ಎಂದು ಎಬ್ಬಿಸಿದರು. ಒಬ್ಬೊಬ್ಬರಾಗಿ ಎಲ್ಲರೂ, ತಮಗೇನೋ ತುರ್ತು ಕೆಲಸ ನೆನಪಾದವರಂತೆ ಹೊರಟುಹೋದರು. ಯಾರೂ ನಗಲಿಲ್ಲ. ಅದೇ ಹೆಚ್ಚು ನೋಯಿಸಿತು.

ಸೀಲಪ್ಪ ಮೆಟ್ಟಿಲ ಮೇಲೆಯೇ ಕುಳಿತ. ಒಳಗೆ ಹೋಗಲು ಮುಖವಿರಲಿಲ್ಲ. ತಲೆ ಎಷ್ಟು ತಗ್ಗಿತ್ತೆಂದರೆ ಪಕ್ಕದಲ್ಲಿ ಯಾರೋ ಬಂದು ನಿಂತಾಗ ಅವನಿಗೆ ಮೊದಲು ಕಂಡದ್ದು ಪಾದಗಳು, ಆಮೇಲೆ ಒದ್ದೆ ಕೈ ಒರೆಸಿಕೊಂಡಿದ್ದ ಪಂಚೆಯ ಅಂಚು.

“ಮಾವ…” ಎಂದ.

ಮಾವ ಕಾಯಲಿಲ್ಲ. ಮುಚ್ಚಿದ ತಟ್ಟೆಯನ್ನು ಅವನ ಕೈಗಿಟ್ಟು, ಬಿಸಿ ತಾಗದಂತೆ ಅದರಡಿಗೆ ಮಡಿಸಿದ ಬಟ್ಟೆಯೊಂದನ್ನು ಸೇರಿಸಿ, ಒಳಗೆ ಹೋದರು.