ಆರು ಹಂತದ ಕೈಗುಣ

ಕೈ ತೊಳೆಯುವ ವಿಷಯದಲ್ಲಿ ಡಾಕ್ಟರ್ ರೇಣುಕಾಪ್ರಸಾದರಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಸೋಂಕು ತಡೆಯ ಲಿಖಿತ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ತೆಗೆದವರು. ರೋಗಿಯನ್ನು ಮುಟ್ಟುವ ಮೊದಲು ತೊಳೆಯಬೇಕು, ಮುಟ್ಟಿದ ಮೇಲೂ ತೊಳೆಯಬೇಕು, ಸೋಪು ಹಾಕಿ ಆರು ಹಂತದಲ್ಲಿ ಉಜ್ಜಬೇಕು, ಬೆರಳ ಸಂದಿ ಬಿಡಬಾರದು, ಎಲ್ಲ ಬಾಯಿಪಾಠ. ತೊಳೆಯುವ ಅಭ್ಯಾಸವೊಂದು ಮಾತ್ರ ಇರಲಿಲ್ಲ. ಸರಗೂರು ರಸ್ತೆಯ ಅವರ ಆಸ್ಪತ್ರೆಗೆ ದಿನಕ್ಕೆ ನೂರೈವತ್ತು ಜನ ಬರುತ್ತಿದ್ದರು. ಒಬ್ಬರ ನಾಡಿ ಬಿಟ್ಟು ಇನ್ನೊಬ್ಬರ ನಾಡಿ ಹಿಡಿಯುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತಿತ್ತು.

ಆ ಸೋಮವಾರ ಬೆಳಿಗ್ಗೆ ನರ್ಸ್ ಸುನಂದಮ್ಮ ಓಡಿಬಂದರು.

"ಸಾರ್, ಮೈಸೂರಿಂದ ಗಂಗಾಧರಪ್ಪ ಸಾಹೇಬ್ರು ತಪಾಸಣೆಗೆ ಬಂದವ್ರೆ. ಈ ಸಲ ಪೇಪರ್ ಇಲ್ವಂತೆ. ನಿಮ್ ರೂಮಲ್ಲೇ ಕೂತ್ಕೊಂಡು ನಿಮ್ ಕೈ ನೋಡ್ತಾರಂತೆ."

ಡಾಕ್ಟರು ಎದ್ದು ಬೇಸಿನ್ನಿನ ಬಳಿ ಸೋಪು ಇದೆಯೇ ಎಂದು ನೋಡಿದರು. ಹೆಂಡತಿ ಆಶಾರಾಣಿ ಕೆ.ಆರ್. ನಗರದಲ್ಲಿ ಟೀಚರ್. ಅಲ್ಲಿಗೆ ವರ್ಗ ಕೇಳಿ ಕೇಳಿ ನಾಲ್ಕು ವರ್ಷ ಕಳೆದಿತ್ತು. ಈ ತಪಾಸಣೆಯಲ್ಲಿ ಪಾಸಾದರೆ ಮಾತ್ರ ವರ್ಗ ಎಂದು ಮೇಲಿನವರು ಕಡ್ಡಿ ಮುರಿದಂತೆ ಹೇಳಿದ್ದರು.

ಗಂಗಾಧರಪ್ಪ ಪೆನ್ನು ಹಿಡಿದು ಮೂಲೆಯಲ್ಲಿ ಕೂತರು. ಮೊದಲು ಬಂದದ್ದು ಮಂಡಿ ನೋವಿನ ಪುಟ್ಟಮಲ್ಲಮ್ಮ. ಡಾಕ್ಟರು ಗೋಡೆಯ ಬೇಸಿನ್ನಿನಲ್ಲಿ ಆರು ಹಂತ ಮುಗಿಸಿ ಬಂದು ಮಂಡಿ ಒತ್ತಿ ನೋಡಿದರು. ಮತ್ತೆ ಎದ್ದು ಹೋಗಿ ಆರು ಹಂತ ತೊಳೆದರು. ನೀರು ಗುಳುಗುಳು ಎನ್ನುತ್ತಾ ಗೋಡೆಯಾಚೆಯ ಬಾಳೆಗಿಡಗಳ ಬುಡಕ್ಕೆ ಹೋಯಿತು.

"ನಾನೇನ್ ಸಗಣಿನಾ ಸೋಮಿ, ಮುಟ್ಟಿದ್ಕೆ ಕೈ ತೊಳ್ಕೊಳಾಕೆ?" ಪುಟ್ಟಮಲ್ಲಮ್ಮ ಸಿಡಿದರು.

"ಹಾಗಲ್ಲಮ್ಮ, ಕ್ರಿಮಿ..."

"ನನ್ ಮೈಮ್ಯಾಲೆ ಕ್ರಿಮಿನಾ? ಬೆಳಿಗ್ಗೆ ಬಿಸ್ನೀರ್ ಉಯ್ಕೊಂಡು ಬಂದಿವ್ನಿ!"

ಹಿಂದೆ ನಿಂತಿದ್ದ ಸಿದ್ದಯ್ಯನ ಚಿಂತೆ ಬೇರೆ. ರೇಣುಕಾಪ್ರಸಾದರ ಕೈಗುಣ ಸುತ್ತ ಹತ್ತು ಹಳ್ಳಿಗೆ ಹೆಸರಾಗಿತ್ತು. ಅವರು ಮುಟ್ಟಿದರೆ ಅರ್ಧ ಕಾಯಿಲೆ ಅಲ್ಲೇ ಹೋಯಿತೆಂದು ಜನ ನಂಬಿದ್ದರು.

"ಅಂತಾ ಕೈನ ಇಂಗೆ ಉಜ್ಜುದ್ರೆ ಗುಣ ಎಲ್ಲಾ ಕೊಚ್ಕೊಂಡ್ ಓಗಾಕಿಲ್ವಾ ಸಾ?" ಎಂದ. ಡಾಕ್ಟರು ಗ್ಲೌಸ್ ಹಾಕಿಕೊಂಡದ್ದನ್ನು ಕಂಡಾಗಲಂತೂ ಅವನಿಗೆ ಅಳುವೇ ಬಂತು. "ಚೀಲ ಆಕ್ಕೊಂಡ್ರೆ ಗುಣ ಎಂಗ್ ದಾಟ್ತದೆ? ಬಿಚ್ಚಿ ಸಾ!"

ಡಾಕ್ಟರು ಮೂಲೆಯ ಪೆನ್ನನ್ನೊಮ್ಮೆ ನೋಡಿದರು. ಬಿಚ್ಚಲಿಲ್ಲ.

ಹನ್ನೊಂದರ ಹೊತ್ತಿಗೆ ಅವರ ಬೆರಳುಗಳು ನೆನೆಹಾಕಿದ ಅವರೆಕಾಳಿನಂತೆ ಸಿಪ್ಪೆ ಬಿಡುವ ಸ್ಥಿತಿಗೆ ಬಂದಿದ್ದವು. ಸುನಂದಮ್ಮ ಬಂದು ಮೆಲ್ಲಗೆ ಹೇಳಿದರು: "ಸಾರ್, ಔಷ್ದಿ ಕಿಟ್ಕಿ ತಾವ ಒಂದು ನರಪಿಳ್ಳೆ ಇಲ್ಲ. ಎಲ್ಲಾ ಎತ್ತಗೋದ್ರೋ."

ಕೋಪ ಮಾಡಿಕೊಂಡು ಹೋಗಿದ್ದಾರೆಂದು ಡಾಕ್ಟರಿಗೆ ನೋವಾಯಿತು. ಕೈಗುಣವನ್ನು ಕೆ.ಆರ್. ನಗರದಲ್ಲಿ ಹೊಸದಾಗಿ ಸಂಪಾದಿಸಿದರಾಯಿತೆಂದು ಸಮಾಧಾನ ಮಾಡಿಕೊಂಡರು.

ಅಷ್ಟರಲ್ಲಿ ಪುಟ್ಟಮಲ್ಲಮ್ಮ ನಗುನಗುತ್ತಾ ಬಾಗಿಲಲ್ಲಿ ಇಣುಕಿದರು. "ಸೋಮಿ, ಇನ್ನೊಂದ್ ಸತಿ ತೊಳೀರಿ. ಅವಸ್ರ ಮಾಡ್ಬ್ಯಾಡಿ, ಚೆನ್ನಾಗಿ ಉಜ್ಜಿ."

ಅವರ ಬೆನ್ನ ಹಿಂದಿನಿಂದ ಇನ್ನೂ ನಾಲ್ಕು ದನಿ ಎದ್ದವು. "ಊಂ ಸಾ, ತೊಳೀರಿ!"

ಡಾಕ್ಟರು ಬೆರಗಾಗಿ ತೊಳೆದರು. ಗಂಗಾಧರಪ್ಪ ಎದ್ದೇ ನಿಂತರು. "ನನ್ನ ಸರ್ವೀಸಿನಲ್ಲಿ ಇಂಥ ಆಸ್ಪತ್ರೆ ನೋಡಿಲ್ಲ ಕಣ್ರೀ. ರೋಗಿಗಳೇ ಡಾಕ್ಟರಿಗೆ ಕೈ ತೊಳೀರಿ ಅಂತಾರೆ! ನೂರಕ್ಕೆ ನೂರು. ಹಿಂದಿನ ಕಸದ ಡಬ್ಬಿಗಳನ್ನ ಒಂದು ಸಲ ನೋಡಿ ಸಹಿ ಹಾಕಿಬಿಡ್ತೀನಿ."

ಡಾಕ್ಟರು ಹಗುರಾಗಿ ಅವರ ಹಿಂದೆಯೇ ನಡೆದರು.

ಹಿತ್ತಿಲ ಬಾಳೆಗಿಡಗಳ ನಡುವೆ ಎಪ್ಪತ್ತು ಜನರ ಸಾಲು ನಿಂತಿತ್ತು. ಎಲ್ಲರ ಕೈಯಲ್ಲೂ ಬಾಟಲಿ, ಚೊಂಬು. ಬೇಸಿನ್ನಿನ ಪೈಪಿನ ಬಾಯಿಗೆ ಸಿದ್ದಯ್ಯ ಬಕೆಟ್ಟು ಒಡ್ಡಿ ಕೂತಿದ್ದ. "ನೂಕ್ಬ್ಯಾಡ್ರಪ್ಪಾ! ಕೈಯಿಂದ ಓದ ಗುಣ ಎಲ್ಲಾ ಇಲ್ಲೇ ಅದೆ, ಎಲ್ಲಾರ್ಗೂ ಸಿಕ್ತದೆ!" ಪುಟ್ಟಮಲ್ಲಮ್ಮ ಸೋಪಿನ ನೀರನ್ನು ಮಂಡಿಗೆ ತಿಕ್ಕಿಕೊಳ್ಳುತ್ತಿದ್ದರು. ಸಾಹೇಬರನ್ನು ಕಂಡು ಎದ್ದು ಲೋಟ ಮುಂದೆ ಹಿಡಿದರು. "ನೀವೂ ಒಂದ್ ಗುಟುಕು ಕುಡೀರಿ ಬುದ್ಧಿ."

ಗಂಗಾಧರಪ್ಪ ಆಗಲೇ ಬರೆದಿದ್ದ ನೂರರಲ್ಲಿ ಒಂದನ್ನೂ ಒಂದು ಸೊನ್ನೆಯನ್ನೂ ಹೊಡೆದುಹಾಕಿದರು. ಈ ಜನರಿಗೆ ತಿಳಿವಳಿಕೆ ಬರುವವರೆಗೆ ಡಾಕ್ಟರು ಇಲ್ಲಿಂದ ಕದಲಕೂಡದು ಎಂದು ಗಟ್ಟಿಯಾಗಿ ಹೇಳುತ್ತಲೇ ಕೆಳಗೆ ಬರೆದು ಸಹಿ ಹಾಕಿದರು.

"ಡಾಕ್ಟ್ರು ಇಲ್ಲೇ ಇರ್ತಾರಂತೆ! ನೀರ್ ಮುಟ್ಟಿದ್ದೇ ತಡ, ನೋಡುದ್ರಾ?" ಎಂದು ಪುಟ್ಟಮಲ್ಲಮ್ಮ ಊರಿಗೆಲ್ಲ ಕೇಳುವಂತೆ ಕೂಗಿದರು.

ರೇಣುಕಾಪ್ರಸಾದರು ಒಳಗೆ ಬಂದರು. ಕಣ್ಣು ಮಂಜಾಗಿತ್ತು. ಮುಖಕ್ಕೆ ಸ್ವಲ್ಪ ನೀರು ಹಾಕಿಕೊಳ್ಳೋಣವೆಂದು ನಲ್ಲಿ ತಿರುಗಿಸಿದರು.

ಗೋಡೆಯಾಚೆಯಿಂದ ಸಿದ್ದಯ್ಯನ ದನಿ ಕೇಳಿತು: "ಲೇ, ಮತ್ತೆ ಬತ್ತಾ ಅದೆ ಕಣ್ಲಾ, ಬಾಟ್ಲಿ ಒಡ್ಲಾ!"