ಅಣ್ಣನ ಬೋರು, ತಮ್ಮನ ಬೋರು, ನಡುವೆ ಯುರೇನಿಯಂ

ಯುರೇನಿಯಂ, ಪ್ಲುಟೋನಿಯಂನಂಥ ಧಾತುಗಳನ್ನು ಆಮ್ಲದ ದ್ರಾವಣದಲ್ಲಿ ಉತ್ಕರ್ಷಿಸುವುದರ ಬಗ್ಗೆ ಪಿಎಚ್‌.ಡಿ. ಮಾಡಿದವನು ನಾನು. ಇಂಥವನನ್ನು ಮುಳಬಾಗಿಲು ಕಡೆ ಬೋರ್‌ವೆಲ್ ನೀರು ಪರೀಕ್ಷೆಗೆ ಕಳಿಸಿದರೆ ಏನಾಗಬೇಕೋ ಅದು ಆಗುತ್ತಲೇ ಇರುತ್ತದೆ.

ಬೈರಕೂರು ಹತ್ತಿರದ ಒಂದು ಹಳ್ಳಿ. ಎದುರುಬದುರು ಮನೆಗಳಲ್ಲಿ ಅಣ್ಣ, ತಮ್ಮ. ಮಾತಿಲ್ಲ. ಇಬ್ಬರಿಗೂ ಸ್ವಂತ ಬೋರು. ಬೀದಿಯ ಅರ್ಧ ಜನ ಅಲ್ಲಿ, ಅರ್ಧ ಜನ ಇಲ್ಲಿ ನೀರು ಹಿಡಿಯುತ್ತಾರೆ. ಪಂಚಾಯಿತಿಗೆ ಒಂದು ಶುದ್ಧ ನೀರಿನ ಘಟಕ ಮಂಜೂರಾಗಿತ್ತು. ಪರೀಕ್ಷೆ ನೋಡಿ ಒಬ್ಬರ ಬೋರಿಗೆ ಕೂರಿಸಬೇಕು. ಇಬ್ಬರಿಗೂ ಅದು ತಮ್ಮ ಅಂಗಳದಲ್ಲೇ ಬೇಕು.

೧. ಎರಡು ಎಲೆಕ್ಟ್ರಾನು

ನೀರಿಗೆ ಯುರೇನಿಯಂ ಹೇಗೆ ಬರುತ್ತೆ ಅಂತ ಅಣ್ಣ ಕೇಳಿದರು.

"ಬಂಡೆಯಲ್ಲಿ ಗಟ್ಟಿಯಾಗಿ ಕೂತಿರುತ್ತೆ ಯಜಮಾನ್ರೇ. ಆಮ್ಲಜನಕ ತಾಗಿ ಎರಡು ಎಲೆಕ್ಟ್ರಾನ್ ಕಳ್ಕೊಂಡ್ರೆ ನೀರಲ್ಲಿ ಕರಗುತ್ತೆ. ಲ್ಯಾಬಲ್ಲಿ ನಾವೂ ಆಸಿಡ್ಡಲ್ಲಿಟ್ಟು ಅದನ್ನೇ ಮಾಡೋದು."

"ಕಳ್ಕೊಂಡ ಎರಡು ಎಲ್ಲಿ ಹೋದ್ವು?"

"ಪಕ್ಕದಲ್ಲಿರೋದು ತಗೊಳ್ಳುತ್ತೆ."

ಅವರು ತಮ್ಮನ ಮನೆ ಕಡೆ ನೋಡಿದರು. "ಯಾರು ತಗೊಂಡಿರ್ತಾರೆ ಅಂತ ಗೊತ್ತು ಬಿಡಿ."

೨. ದೊಡ್ಡವರ ಪಾಲು

ಬಾಟಲಿಗೆ ನೀರು ತುಂಬಿ ನೈಟ್ರಿಕ್ ಆಸಿಡ್ ತೆಗೆದೆ. ಅದನ್ನು ಬಿಡದಿದ್ದರೆ ಯುರೇನಿಯಂ ಬಾಟಲಿಗೇ ಅಂಟಿಕೊಳ್ಳುತ್ತದೆ. ಅಣ್ಣನ ಹೆಂಡತಿ ಅಡ್ಡ ಬಂದರು.

"ದೇವುಡಾ! ಚೆನ್ನಾಗಿರೋ ನೀರಿಗೆ ನೀವೇ ಆಸಿಡ್ ಹಾಕಿ, ಆಮೇಲೆ ಕೆಟ್ಟೈತೆ ಅಂತ ಬರೀತೀರಾ?"

"ಎದುರು ಮನೆಯವರ ನೀರಿಗೂ ಹಾಕಿದೀನಮ್ಮ."

"ಎಷ್ಟು?"

"ಐದು ತೊಟ್ಟು."

"ಹಂಗಿದ್ರೆ ನಮಗೆ ಆರು ಹಾಕಿ. ದೊಡ್ಡವರು ನಾವು."

೩. ಬೇಳೆಯ ಸಾಕ್ಷಿ

ತಮ್ಮನಿಗೆ ಪರೀಕ್ಷೆಯೇ ಬೇಕಿರಲಿಲ್ಲ. "ನಮ್ಮ ನೀರಲ್ಲಿ ಬೇಳೆ ಎರಡೇ ವಿಷಲ್‌ಗೆ ಬೇಯುತ್ತೆ ಸಾರ್. ಇನ್ನೇನು ನೋಡ್ತೀರಿ?"

"ಬೇಳೆ ಬೇಯೋದಕ್ಕೂ ಯುರೇನಿಯಂಗೂ ಸಂಬಂಧ ಇಲ್ಲ."

"ಮತ್ತೆ ಅದು ಇದ್ದು ಏನುಪಯೋಗ ಸಾರ್?"



೪. ಫಲಿತಾಂಶ

ಅಣ್ಣನ ನೀರಲ್ಲಿ ಯುರೇನಿಯಂ ಮಿತಿಗಿಂತ ಹೆಚ್ಚು. ತಮ್ಮನ ನೀರಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಬೀದಿಯವರೆಲ್ಲ ಸದ್ಯಕ್ಕೆ ತಮ್ಮನ ಬೋರಿನ ನೀರನ್ನೇ ಕುಡಿಯಿರಿ ಅಂತ ಪಂಚಾಯಿತಿ ಕಟ್ಟೆಯಲ್ಲಿ ಹೇಳಿದೆ. ತಮ್ಮ ಮೀಸೆ ತಿರುವಿದರು.

"ಹಂಗಿದ್ರೆ ಘಟಕ ನಮಗೇ ತಾನೆ?"

"ಒಳ್ಳೆ ನೀರಿಗೆ ಘಟಕ ಯಾಕೆ? ಅದು ನಿಮ್ಮ ಅಣ್ಣನ ಬೋರಿಗೆ."

ಮೀಸೆ ಮೇಲಿನ ಕೈ ಅಲ್ಲೇ ನಿಂತಿತು. ಅತ್ತಿಗೆ ಆಗಲೇ ಅಂಗಳ ಗುಡಿಸಲು ಎದ್ದು ಹೋಗಿದ್ದರು. ತಮ್ಮ ನನ್ನನ್ನು ಪಕ್ಕಕ್ಕೆ ಎಳೆದರು.

"ಸರಿಯಾಗಿ ನೋಡಿದ್ರಾ ಸಾರ್? ಒಂದೇ ಅಪ್ಪನ ಜಮೀನು. ಅವನಿಗೈತೆ, ನನಗಿಲ್ಲ ಅಂದ್ರೆ ಹೆಂಗೆ?"

"ಇಲ್ಲದಿರೋದು ಒಳ್ಳೇದು ಕಣ್ರೀ."

"ಅದು ಬಿಡಿ. ಇನ್ನೊಂದು ನೂರಡಿ ಇಳಿಸಿದ್ರೆ ಬರುತ್ತಾ?"

ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಕೆಟ್ಟ ಅಭ್ಯಾಸ. "ಬರಬಹುದು" ಅಂದುಬಿಟ್ಟೆ.

ಅವರು ಆಗಲೇ ಬೋರ್ ಲಾರಿಯವನಿಗೆ ಫೋನ್ ಹಚ್ಚಿದ್ದರು. "ಲೇ, ನಾಳೆ ಗಾಡಿ ತಗೊಂಡು ಬಾರೋ... ಇಲ್ಲ ಕಣೋ, ನೀರು ಬೇಕಾದಷ್ಟೈತೆ. ಯುರೇನಿಯಂ ಬಂದಿಲ್ಲ!"